ಗಾಳಿಯ ದಾರಿಯಲ್ಲಿ ಮೂರನೆಯವನು

ಆಷಾಢದ ಪಡುವಣ ಗಾಳಿಗೆ ಎದುರಾಗಿ ಸೈಕಲ್ ತುಳಿದು ಶಾಲೆ ಸೇರುವ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಗಾಳಿಯ ಬಲವನ್ನು ಬೇರೆ ಹೇಳಬೇಕಾಗಿಲ್ಲ. ಇಬ್ಬರು ಜೊತೆಗೂಡಿ ಹೊರಟಾಗ ಹಿಂದಿನವನಿಗೆ ದಾರಿ ಹಗುರವಾಗುವುದನ್ನೂ ನಾವು ಬಲ್ಲೆವು. ಈ ಸಣ್ಣ ಅನುಭವವನ್ನೇ ಒಂದು ವಿದ್ಯೆಯಾಗಿ ಬೆಳೆಸಿದ ನಾಡುಗಳಲ್ಲಿ ನೆದರ್‌ಲ್ಯಾಂಡ್ಸ್ ಮುಖ್ಯವಾದುದು. ಕಡಲನ್ನು ತಡೆದು ಪಡೆದ ಆ ತಗ್ಗುನೆಲದ ರಸ್ತೆಗಳಿಗೆ ಗುಡ್ಡದ ಮರೆಯಿಲ್ಲ; ಗಾಳಿಯೇ ಅಲ್ಲಿನ ಏರು.

ವೇಗವು ಇಮ್ಮಡಿಯಾದರೆ ಗಾಳಿಯ ತಡೆಯು ನಾಲ್ಮಡಿಯಾಗುವುದು. ಆದುದರಿಂದ ಮುಂದಿನವನ ಬೆನ್ನ ಮರೆಯಲ್ಲಿ ಸಾಗುವವನಿಗೆ ಕಾಲು ಭಾಗಕ್ಕೂ ಮಿಕ್ಕಿ ಶ್ರಮ ಉಳಿಯುವುದು. ಆದರೆ ಗಾಳಿಯು ಎಡಪಕ್ಕದಿಂದ ಬೀಸಿದರೆ ನೇರ ಬೆನ್ನ ಹಿಂದೆ ಮರೆ ದೊರೆಯದು. ಅದು ಬಲಕ್ಕೆ ಓರೆಯಾಗಿ ಸರಿಯುವುದು. ಆಗ ಮುಂದಾಳು ರಸ್ತೆಯ ಎಡ ಅಂಚಿನಲ್ಲಿ ಸಾಗುವನು. ಉಳಿದವರು ಒಬ್ಬರ ಹಿಂಗಾಲಿಯ ಪಕ್ಕಕ್ಕೆ ಮತ್ತೊಬ್ಬರ ಮುಂಗಾಲಿ ಬರುವಂತೆ ಬಲಕ್ಕೆ ಓರೆಯಾಗಿ ನಿಲ್ಲುವರು. ಮುಂದಾಳು ತನ್ನ ಸರದಿ ಮುಗಿಸಿ, ಗಾಳಿಯ ಕಡೆಗೇ ಸರಿದು ಹಿಂದಕ್ಕೆ ಬರುವನು. ಈ ವ್ಯೂಹವನ್ನು ಡಚ್ಚರು ತಮ್ಮ ನುಡಿಯಲ್ಲಿ ‘ಬೀಸಣಿಗೆ’ ಎನ್ನುವರು.

ಆದರೆ ರಸ್ತೆಯ ಅಗಲಕ್ಕೆ ಮಿತಿಯುಂಟು. ಅದರಲ್ಲಿ ಹಿಡಿಸುವಷ್ಟು ಜನಕ್ಕೇ ಮರೆ. ಮಿಕ್ಕವರು ಬಲ ಅಂಚಿನಲ್ಲಿ ಸಾಲಾಗಿ, ಬರಿಯ ಗಾಳಿಯಲ್ಲಿ ಬಳಲಬೇಕು. ಜಾಣ ತಂಡವು ರಸ್ತೆ ಎಲ್ಲಿ ತಿರುಗುವುದು, ಗಾಳಿ ಎಲ್ಲಿ ಪಕ್ಕಕ್ಕೆ ಬರುವುದು ಎಂಬುದನ್ನು ಮೊದಲೇ ಅರಿತು, ಆ ತಿರುವಿಗೆ ಮುನ್ನವೇ ತನ್ನವರನ್ನು ಮುಂದೆ ಕೂಡಿಸಿ ಒಮ್ಮೆಲೇ ವೇಗ ಹೆಚ್ಚಿಸುವುದು. ಹಿಂದುಳಿದವನು ದುರ್ಬಲನೇ ಆಗಿರಬೇಕೆಂದಿಲ್ಲ. ತಡವಾಗಿ ಎಚ್ಚೆತ್ತವನು ಅಷ್ಟೆ. ಅಂಥವರು ತುದಿಯಲ್ಲಿ ಜೋತುಬೀಳದೆ ತಾವೇ ಎರಡನೆಯ ಬೀಸಣಿಗೆ ಕಟ್ಟಿಕೊಳ್ಳುವುದು ವಿವೇಕ.

ಹೀಗೆ ಸಾಮೂಹಿಕ ಪಂದ್ಯದಲ್ಲಿ ಪರರನ್ನು ಹೊರಗಿಡುವ ಆಯುಧವಾದ ಈ ವ್ಯೂಹವು ಮತ್ತೊಂದು ಪಂದ್ಯದಲ್ಲಿ ಆಸರೆಯಾಯಿತು. ಹವ್ಯಾಸಿಗಳಿಗಾಗಿ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 100 ಕಿಲೋಮೀಟರಿನ ತಂಡಪಂದ್ಯ ನಡೆಯಿತು. ತಂಡಕ್ಕೆ ನಾಲ್ವರು, ಗಡಿಯಾರ ನಿಲ್ಲುವುದು ಮೂರನೆಯವನು ಗೆರೆ ದಾಟಿದಾಗ. ಮೊದಲಿಗನು ಎಷ್ಟೇ ಬಲಶಾಲಿಯಾದರೂ ಮೂರನೆಯವನನ್ನು ಬಿಟ್ಟು ಓಡಿ ಫಲವಿಲ್ಲ. ಬಲಶಾಲಿಯು ಗಾಳಿಗೆ ಹೆಚ್ಚು ಹೊತ್ತು ಎದೆಯೊಡ್ಡಬೇಕು, ಬಳಲಿದವನ ಸರದಿ ಕಿರಿದಾಗಬೇಕು.

ಈ ವಿದ್ಯೆಯಲ್ಲಿ ನೆದರ್‌ಲ್ಯಾಂಡ್ಸಿನ ತಂಡವು 1964ರಲ್ಲಿ ಟೋಕಿಯೋದಲ್ಲಿಯೂ 1968ರಲ್ಲಿ ಮೆಕ್ಸಿಕೋದಲ್ಲಿಯೂ ಸುವರ್ಣಪದಕ ಗಳಿಸಿತು. ಮೆಕ್ಸಿಕೋದ ನಾಲ್ವರಲ್ಲಿ ಒಬ್ಬರಾದ ಯೋಪ್ ಜೂಟೆಮೆಲ್ಕ್ ಮುಂದೆ 1980ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದರು. ಅದೇ ಕಾಲದಲ್ಲಿ ಸ್ವೀಡನ್ನಿನ ನಾಲ್ವರು ಒಡಹುಟ್ಟಿದ ಪೆಟರ್ಸನ್ ಸೋದರರು 1967, 1968, 1969ರಲ್ಲಿ ಹವ್ಯಾಸಿಗಳ ವಿಶ್ವಪಟ್ಟವನ್ನು ಪಡೆದರು. 1992ರ ತರುವಾಯ ಒಲಿಂಪಿಕ್ಸ್‌ನಿಂದ ಈ ಪಂದ್ಯ ಮರೆಯಾಯಿತು.

ಆದರೆ ನಿಯಮವೊಂದೇ ಸಾಲದು. ರೋಮಿನ ಆ ಪಂದ್ಯದಲ್ಲಿ, ಕಡುಬಿಸಿಲಿನಲ್ಲಿ, ಡೆನ್ಮಾರ್ಕಿನ ಒಬ್ಬ ಸವಾರರು ಮೊದಲೇ ಹಿಂದೆ ಸರಿದಿದ್ದರು. ಉಳಿದ ಮೂವರೂ ಗೆರೆ ಮುಟ್ಟಲೇಬೇಕಾಯಿತು. ಅವರಲ್ಲಿ ಕ್ನುಡ್ ಎನೆಮಾರ್ಕ್ ಯೆನ್ಸನ್ ತತ್ತರಿಸಿದಾಗ ಸಂಗಡಿಗರು ಇಬ್ಬದಿಯಲ್ಲಿ ಹಿಡಿದು ನಡೆಸಿದರು. ಆದರೂ ಅವರು ಬಿದ್ದು, ಅದೇ ದಿನ ಅಸುನೀಗಿದರು. ಮೂರನೆಯವನಿಗಾಗಿ ಗಾಳಿಯನ್ನು ತಡೆಯುವುದು ಎಷ್ಟು ಹಿರಿದೋ, ಅವನಿಗಾಗಿ ಪಂದ್ಯವನ್ನೇ ನಿಲ್ಲಿಸುವುದು ಅದಕ್ಕಿಂತ ಹಿರಿದು.

ನಮ್ಮ ತರಗತಿಗಳಲ್ಲಿಯೂ ಮುಂದಿನ ಸಾಲಿನ ಜಾಣನನ್ನು ಕಂಡು ಪಾಠ ಮುಗಿಯಿತೆಂದು ಭಾವಿಸುವ ಅಭ್ಯಾಸ ನಮಗುಂಟು. ಗಡಿಯಾರವನ್ನು ಯಾರನ್ನು ನೋಡಿ ನಿಲ್ಲಿಸಬೇಕೆಂಬುದನ್ನು ಗಾಳಿಯ ದಾರಿಯಲ್ಲಿ ಸಾಗಿದ ಈ ಸವಾರರಿಂದ ನಾವು ಕಲಿಯಬಹುದು.