ಸಹಕಾರಿ ಇಂಟರ್ನೆಟ್: ಲಾಭ ಯಾವ ಸದಸ್ಯನಿಗೆ?

 

ಹೋದ ಭಾನುವಾರ ಆಲೂರು ಕಡೆಯ ಒಂದು ಊರಲ್ಲಿ ಸಣ್ಣ ಸಭೆ ಇತ್ತು. ಸಕಲೇಶಪುರದಿಂದಲೂ ನಾಲ್ಕು ಜನ ಬಂದಿದ್ರು. ಸಿಗ್ನಲ್ ಹುಡುಕ್ಕೊಂಡು ಗುಡ್ಡ ಹತ್ತಿದ್ದು ಸಾಕು, ನಾವೇ ಒಂದು ಸಹಕಾರ ಸಂಘ ಮಾಡಿ ಇಂಟರ್ನೆಟ್ಟು, ಕೇಬಲ್ಲು ಎರಡನ್ನೂ ಮನೆಮನೆಗೆ ಎಳೆಸೋಣ ಅನ್ನೋ ಮಾತು. ಎಲ್ಲರೂ ಕೇಳಿದ್ದು ಒಂದೇ: "ತಿಂಗಳಿಗೆ ಎಷ್ಟು ಉಳಿಯುತ್ತೆ?"

ನಾನು ಆಫೀಸಿನಲ್ಲಿ ದಿನಾ ಲೆಕ್ಕ ಬರೆಯೋ ಗುಮಾಸ್ತ. ನನಗೂ ಅದೇ ಪ್ರಶ್ನೆ ಬರಬೇಕಿತ್ತು. ಆದ್ರೆ ನಾನು ಕೇಳಿದ್ದು, "ಎಸ್ಟೇಟ್ ಲೈನ್ ಮನೆಯವರನ್ನು ಏನು ಮಾಡ್ತೀರಿ?" ಒಬ್ಬ ಹಿರಿಯರು ಹೇಳಿದ್ರು: "ನೋಡಪ್ಪಾ, ಅವರು ಇವತ್ತು ಇಲ್ಲಿರ್ತಾರೆ, ನಾಳೆ ಇನ್ನೊಂದು ತೋಟಕ್ಕೆ ಹೋಗ್ತಾರೆ. ಅವರಿಗೆ ನಾಮಮಾತ್ರ ಸದಸ್ಯತ್ವ ಕೊಟ್ರಾಯ್ತು."

ನಾಮಮಾತ್ರ ಸದಸ್ಯ ಅಂದ್ರೆ ಗೊತ್ತಲ್ಲ? ಕನೆಕ್ಷನ್ ಇರುತ್ತೆ, ದುಡ್ಡು ಕಟ್ಟಬೇಕು, ಓಟಿಲ್ಲ. ಅವತ್ತು ನಾನು ಜಾಸ್ತಿ ಮಾತಾಡಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಾನು ಹುಟ್ಟಿ ಬೆಳೆದಿದ್ದು ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ. ಮಹಾಭಾರತ ಧಾರಾವಾಹಿ ನೋಡಿದ್ದು ಬೇರೆಯವರ ಕಿಟಕಿ ಸರಳು ಹಿಡ್ಕೊಂಡು. ಆಮೇಲೆ ನಮ್ಮ ಕಡೆಗೂ ಕೇಬಲ್ ಬಂತು. ಸಿಲ್ವರ್ ಮರಕ್ಕೆ ಕಟ್ಟಿಕೊಂಡು, ನಮ್ಮ ಸಾಲುಮನೆಯ ಹೆಂಚಿನ ಮೇಲೇ ಹಾದು, ಆಚೆ ಬಂಗಲೆಗೆ ಹೋಯ್ತು. ನಮ್ಮಪ್ಪ ಕನೆಕ್ಷನ್ ಕೇಳಿದ್ರೆ ಕೇಬಲಿನವನು "ಮನೆ ಯಾರ ಹೆಸರಲ್ಲಿದೆ?" ಅಂದ. ಮಳೆಗಾಲದಲ್ಲಿ ಕೊಂಬೆ ಬಿದ್ದು ತಂತಿ ಹರಿದ್ರೆ ಮಾತ್ರ ಎತ್ತಿ ಕಟ್ಟೋಕೆ ನಮ್ಮಪ್ಪನನ್ನೇ ಕರೀತಿದ್ರು.

ಈಗ ಚರಿತ್ರೆಗೆ ಬರೋಣ. ಭಾರತದಲ್ಲಿ ಸಹಕಾರ ಸಂಘದ ಕಾನೂನು ಬಂದಿದ್ದು 1904ರಲ್ಲಿ. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಾಲದ ಸಂಘ ಕಟ್ಟಿದರು. ಸಾಹುಕಾರರ ಬಡ್ಡಿಯಿಂದ ರೈತನನ್ನು ಬಿಡಿಸಿದ ದೊಡ್ಡ ಕೆಲಸ ಅದು, ಅನುಮಾನವೇ ಇಲ್ಲ. ಆದ್ರೆ ಬೆಳೆ ಸಾಲ ಬೇಕಂದ್ರೆ ಪಹಣಿ ಬೇಕು. ಪಹಣಿಯೇ ಇಲ್ಲದವನು ಆ ಸಂಘದ ಬಾಗಿಲಲ್ಲಿ ನಿಂತು ಏನು ಕೇಳಬೇಕು?

"ಅದು ಸಾಲದ ಸಂಘ, ಇದು ತಂತಿಯ ಸಂಘ" ಅನ್ನಬಹುದು ನೀವು. ಸರಿ, ತಂತಿಯ ಸಂಘವೂ ನಮ್ಮ ರಾಜ್ಯದಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ, 1969ರದ್ದು. ದೇಶದಲ್ಲಿ ಪ್ರಯೋಗಕ್ಕೆ ಅಂತ ಮೊದಲು ಆರಿಸಿಕೊಂಡ ಐದು ಸಂಘಗಳಲ್ಲಿ ಇದೂ ಒಂದು. ಉಳಿದ ನಾಲ್ಕು: ಆಗಿನ ಆಂಧ್ರದ ಸಿರಿಸಿಲ್ಲ, ಗುಜರಾತಿನ ಕೋಡಿನಾರ್, ಮಹಾರಾಷ್ಟ್ರದ ಮುಳಾ ಪ್ರವರಾ, ಉತ್ತರ ಪ್ರದೇಶದ ಲಖನೌ. ಅಮೆರಿಕದಲ್ಲಿ 1930ರ ದಶಕದಲ್ಲಿ ಖಾಸಗಿ ಕಂಪನಿಗಳು ಹಳ್ಳಿಗೆ ಕಂಬ ಹಾಕಲ್ಲ ಅಂದಾಗ ರೈತರೇ ಸರ್ಕಾರದ ಸಾಲ ತಗೊಂಡು ವಿದ್ಯುತ್ ಸಂಘ ಕಟ್ಟಿಕೊಂಡಿದ್ರು. ಅದೇ ಮಾದರಿ. ಅಲ್ಲಿನ ಎಷ್ಟೋ ಸಂಘಗಳು ಈಗ ಅದೇ ಕಂಬದ ಮೇಲೆ ಇಂಟರ್ನೆಟ್ ಫೈಬರ್ ಎಳೆದು ಸದಸ್ಯರಿಗೆ ಕೊಡ್ತಿವೆ.

ಹುಕ್ಕೇರಿಯಲ್ಲಿ ಗಮನಿಸಬೇಕಾದ್ದು ಏನು? ಸಂಘ ಕರೆಂಟನ್ನು ಹೊರಗಿನಿಂದ ಕೊಂಡು ಮನೆಗಳಿಗೆ ಹಂಚುತ್ತೆ. ದರವನ್ನು ತಾನೇ ಇಟ್ಟುಕೊಳ್ಳೋ ಹಾಗಿಲ್ಲ, ವಿದ್ಯುತ್ ನಿಯಂತ್ರಣ ಆಯೋಗ ಗೊತ್ತುಮಾಡುತ್ತೆ. ಹಾಗಾದ್ರೆ ಸದಸ್ಯನಿಗೆ ಏನು ಸಿಕ್ತು? ಲೈನ್ ಕೆಟ್ಟರೆ ಹೋಗಿ ಕೇಳೋಕೆ ತಾಲ್ಲೂಕಲ್ಲೇ ಒಂದು ಆಫೀಸು. ಆ ಆಫೀಸಿನ ಆಡಳಿತ ಮಂಡಳಿಯನ್ನು ಇಳಿಸೋಕೆ ಒಂದು ಓಟು. ಬೆಲೆ ಇರೋದು ಆ ಓಟಿನಲ್ಲಿ. ಅದಕ್ಕೇ ಅಲ್ಲಿ ಚುನಾವಣೆ ಬಂದ್ರೆ ದೊಡ್ಡ ರಾಜಕೀಯ ಮನೆತನಗಳೇ ಕಣಕ್ಕೆ ಇಳೀತವೆ. ಬೆಲೆ ಇಲ್ಲದ ಜಾಗಕ್ಕೆ ಅವರು ಬರ್ತಾರಾ? ಇನ್ನು ಮುಳಾ ಪ್ರವರಾ ಸಂಘ ಕೊಂಡ ಕರೆಂಟಿನ ಬಾಕಿ ಬೆಳೆಸಿಕೊಂಡು 2011ರಲ್ಲಿ ವಿತರಣೆಯನ್ನೇ ಕಳ್ಕೊಳ್ತು. ಸಹಕಾರ ಅಂತ ಬೋರ್ಡು ಹಾಕಿದ ಮಾತ್ರಕ್ಕೆ ಸಂಘ ಉಳಿಯಲ್ಲ, ಲೆಕ್ಕ ಸರಿಯಿರಬೇಕು.

ನಮ್ಮ ಇಂಟರ್ನೆಟ್ ಸಂಘದ ಲೆಕ್ಕವೂ ಹೀಗೇ. ಬ್ಯಾಂಡ್‌ವಿಡ್ತ್ ಹೊರಗಿನಿಂದಲೇ ಕೊಳ್ಳಬೇಕು. ಚಾನೆಲ್ ದುಡ್ಡು ಚಾನೆಲಿನವರಿಗೇ ಹೋಗುತ್ತೆ. 2019ರಲ್ಲಿ ಟ್ರಾಯ್ ಹೊಸ ನಿಯಮ ತಂದಾಗ 100 ಚಾನೆಲ್ಲಿಗೆ ನೆಟ್‌ವರ್ಕ್ ಶುಲ್ಕ 130 ರೂಪಾಯಿ ಮೀರಬಾರದು ಅಂತ ಮಿತಿ ಹಾಕಿತ್ತು. ಅದರ ಮೇಲೆ ತೆರಿಗೆ, ಪೇ ಚಾನೆಲ್ ದರ ಬೇರೆ. ಇಂಥದ್ರಲ್ಲಿ ಸಂಘ ಎಷ್ಟು ಉಳಿಸೀತು? ಮೇಲಾಗಿ ನಮ್ಮದು ಮಲೆನಾಡು. ಮನೆಯಿಂದ ಮನೆಗೆ ಅರ್ಧ ಕಿಲೋಮೀಟರ್, ಜೂನ್‌ನಿಂದ ಮರ ಬೀಳೋ ಮಳೆ, ಜೊತೆಗೆ ಕಾಡಾನೆ. ರಿಪೇರಿ ಖರ್ಚೇ ಹೆಚ್ಚು. ಕಂಪನಿಗಳು ಇಲ್ಲಿಗೆ ಬರದೇ ಇರೋದೂ ಇದಕ್ಕೇ. ಹಾಗಾಗಿ ಅಗ್ಗದ ಆಸೆ ತೋರಿಸಿ ಶೇರು ಎತ್ತಬೇಡಿ. ಕಂಪನಿ ಬರದ ಕಡೆ ಸಂಘ ಹೋಗುತ್ತೆ ಅನ್ನೋದೇ ಅದರ ಲಾಭ. ಹಾಗಿದ್ದ ಮೇಲೆ ಸಂಘವೂ ಲೈನ್ ಮನೆ ದಾಟಿಕೊಂಡು ಬಂಗಲೆಗೇ ಹೋದ್ರೆ ಅದ್ಯಾಕೆ ಬೇಕು?

ಸರ್ಕಾರದ ತಂತಿಯೂ ಅರ್ಧದಲ್ಲೇ ನಿಂತಿದೆ. 2011ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ, ಈಗಿನ ಹೆಸರು ಭಾರತ್‌ನೆಟ್, ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸೋ ಗುರಿ ಇಟ್ಟುಕೊಂಡು ಶುರುವಾಯ್ತು. ಪಂಚಾಯಿತಿ ಕಚೇರಿಯಿಂದ ಕೇರಿಗೆ ಎಷ್ಟು ದೂರ ಅಂತ ನಮ್ಮವರನ್ನ ಕೇಳಿ, ಹೇಳ್ತಾರೆ. ಲಾಕ್‌ಡೌನಿನಲ್ಲಿ ನನ್ನ ಮಗಳು ಕೊಡೆ ಹಿಡ್ಕೊಂಡು ದಿಣ್ಣೆ ಮೇಲೆ ನಿಂತು ಪಾಠ ಕೇಳಿದ್ದು ಆ ದೂರಕ್ಕೇ.

ಕಾನೂನನ್ನೂ ನೋಡಿ. ಸಹಕಾರ ಸಂಘಗಳ ಬಗ್ಗೆ ಸಂವಿಧಾನಕ್ಕೆ 97ನೇ ತಿದ್ದುಪಡಿ ತಂದಾಗ ಆಡಳಿತ ಮಂಡಳಿಯಲ್ಲಿ ಪರಿಶಿಷ್ಟರಿಗೆ ಒಂದು ಸ್ಥಾನ ಅಂತ ಬರೆದ್ರು. ಆದ್ರೆ ಆ ವರ್ಗದ ಸದಸ್ಯರು ಇರೋ ಸಂಘಕ್ಕೆ ಮಾತ್ರ! ಸದಸ್ಯರೇ ಇಲ್ಲದಿದ್ರೆ ಸ್ಥಾನವೂ ಇಲ್ಲ. ರಾಜ್ಯಗಳ ಒಪ್ಪಿಗೆ ಪಡೆದಿಲ್ಲ ಅಂತ ಆ ಭಾಗವನ್ನು ರಾಜ್ಯದ ಸಂಘಗಳ ಮಟ್ಟಿಗೆ 2021ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು, ಅದು ಬೇರೆ ಮಾತು. ಬಾಗಿಲು ಎಲ್ಲಿ ಮುಚ್ಚುತ್ತೆ ಅಂತ ತೋರಿಸೋಕೆ ಹೇಳಿದೆ.

ಬಾಬಾಸಾಹೇಬರು 1947ರಲ್ಲಿ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಬರೆದಾಗ ಸಾಮೂಹಿಕ ಬೇಸಾಯದ ಮಾತಾಡಿದ್ರು. ಭೂಮಿ ಸರ್ಕಾರದ್ದಾಗಬೇಕು, ಜಾತಿ ಮತ ನೋಡದೆ ಊರವರಿಗೆ ಗೇಣಿಗೆ ಕೊಡಬೇಕು, ಒಡೆಯನೂ ಇರಬಾರದು, ಭೂಹೀನ ಕೂಲಿಯೂ ಇರಬಾರದು ಅಂದ್ರು. ಅಂದ್ರೆ ಊರಲ್ಲಿ ಬಾಳುವವನೇ ಪಾಲುದಾರ, ಪಹಣಿ ಇದ್ದವನೊಬ್ಬನೇ ಅಲ್ಲ. ತಂತಿಗೂ ಇದೇ ನ್ಯಾಯ ಆಗಬೇಕು.

ಅದಕ್ಕೇ ನನ್ನದು ಮೂರು ಷರತ್ತು. ಒಂದು, ವಾಸ ಇರೋರಿಗೆಲ್ಲ ಪೂರ್ಣ ಸದಸ್ಯತ್ವ, ಶೇರು ಹಣ ಕಂತಿನಲ್ಲಿ. ಕೆಲಸ ಬಿಟ್ಟು ಬೇರೆ ತೋಟಕ್ಕೆ ಹೋದ್ರೆ ಶೇರೂ ಅವರ ಜೊತೆಗೇ ಹೋಗ್ಲಿ, ಹೋದಲ್ಲಿ ಕನೆಕ್ಷನ್ ಸಿಗ್ಲಿ. ಎರಡು, ಕನೆಕ್ಷನ್ ದುಡಿಯೋರ ಹೆಸರಲ್ಲಿ, ತೋಟದ ಮಾಲೀಕರ ಹೆಸರಲ್ಲಲ್ಲ. ಮೂರು, ಮೊದಲ ತಂತಿ ಕೇರಿಗೆ ಮತ್ತು ಲೈನ್ ಮನೆಗೆ. ಅಲ್ಲಿಂದ ಮುಂದಕ್ಕೆ ಎಲ್ಲಿಗೆ ಬೇಕಾದ್ರೂ ಎಳೀರಿ.

ಗೌಡ್ರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ಈ ಕೆಲಸಕ್ಕೆ ಕೈಹಾಕಿದ್ದು ಒಳ್ಳೇದೇ. ಆದ್ರೆ ನಮ್ಮ ಜನ ಮೂರು ತಲೆಮಾರಿಂದ ಇದೇ ಬೆಟ್ಟದಲ್ಲಿ ಕಾಫಿ ಬಿಡಿಸ್ತಿದ್ದಾರೆ. ಅವರನ್ನು "ಇವತ್ತು ಇದ್ದು ನಾಳೆ ಹೋಗೋರು" ಅನ್ನಬೇಡಿ.

ಬರೋ ಭಾನುವಾರ ಮತ್ತೆ ಸಭೆ ಇದೆ. ಲೈನ್ ಮನೆಗಳಿಂದ ಮನೆಗೊಬ್ಬರಾದ್ರೂ ಬನ್ನಿ. ಹೆಣ್ಮಕ್ಕಳೂ ಬನ್ನಿ. ಈ ಸಲ ನಾನು ಸುಮ್ಮನೆ ಕೂರಲ್ಲ.

ಜೈ ಭೀಮ್.