ದುರ್ವಿನೀತನ ಅಜ್ಜಿಮನೆ: ಕಬಿನಿ ಸೀಮೆಯ ವಿದ್ಯೆ, ಅದರ ಗೆರೆಗಳು

ಸರಗೂರಿನ ಮಗ್ಗುಲಲ್ಲಿ ಹರಿಯುವ ಕಬಿನಿಗೆ ಬೀಚನಹಳ್ಳಿಯ ಬಳಿ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ನುಂಗಿದ ಊರುಗಳಲ್ಲಿ ಕಿತ್ತೂರೂ ಒಂದು. ಶಾಸನಗಳು ಕೀರ್ತಿಪುರವೆಂದು ಕರೆಯುವ ಈ ಊರು ಪುನ್ನಾಟ ಅರಸರ ರಾಜಧಾನಿಯಾಗಿತ್ತು. ಕ್ರಿಸ್ತಶಕ 2ನೇ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ಪುನ್ನಾಟದ ಹೆಸರನ್ನು ಬರೆದಿಟ್ಟದ್ದು ಇಲ್ಲಿ ಸಿಗುತ್ತಿದ್ದ ಬೆರಿಲ್ ಹರಳುಗಳ ಕಾರಣಕ್ಕೆ. ಹರಳಿನ ವ್ಯಾಪಾರ ಎಂದೋ ನಿಂತಿತು. ಆದರೆ ಈ ಮನೆತನದ ಹೆಣ್ಣುಮಗಳೊಬ್ಬಳ ಮೂಲಕ ಕರ್ನಾಟಕದ ವಿದ್ಯಾ ಇತಿಹಾಸಕ್ಕೆ ಬಂದ ಹೆಸರು ಇಂದಿಗೂ ಪಠ್ಯಗಳಲ್ಲಿ ಉಳಿದಿದೆ.

ಪುನ್ನಾಟದ ಸ್ಕಂದವರ್ಮನ ಮಗಳು ಗಂಗರ ಅವಿನೀತನ ಕೈಹಿಡಿದಳು. ತಂದೆ ಬೇರೊಬ್ಬನನ್ನು ಗೊತ್ತುಮಾಡಿದ್ದರೂ ಅವಳೇ ಅವಿನೀತನನ್ನು ಒಲಿದು ಬಂದಳೆಂದು ಗಂಗರ ತಾಮ್ರಪಟಗಳು ಹೇಳುತ್ತವೆ. ಅವಳ ಮಗ ದುರ್ವಿನೀತ. ಸಂಸ್ಕೃತದಲ್ಲಿ ‘ವಿನಯ’ವೆಂದರೆ ತಗ್ಗಿ ನಡೆಯುವುದಷ್ಟೇ ಅಲ್ಲ, ಶಿಕ್ಷಣ, ಪಳಗಿಸುವಿಕೆ ಎಂಬ ಅರ್ಥವೂ ಇದೆ. ಹಾಗೆ ನೋಡಿದರೆ ಅಪ್ಪನಿಗೆ ‘ಪಳಗದವ’ ಎಂದೂ ಮಗನಿಗೆ ‘ಕೆಟ್ಟದಾಗಿ ಪಳಗಿದವ’ ಎಂದೂ ಹೆಸರು. ಇಂಥ ಹೆಸರು ಹೊತ್ತವನೇ ತನ್ನ ಕಾಲದ ಅತ್ಯಂತ ಓದಿಕೊಂಡ ದೊರೆಯಾದ ತಮಾಷೆಯನ್ನು ಅಂದಿನ ಪಂಡಿತರೂ ಸವಿದಿರಬೇಕು.

ದುರ್ವಿನೀತನ ಕಾಲ 6ನೇ ಶತಮಾನ. ಅದೇ ಶತಮಾನದಲ್ಲಿ ಇಟಲಿಯಲ್ಲಿ ಇಬ್ಬರು ವಿದ್ವಾಂಸರು ಪಾಶ್ಚಾತ್ಯ ಶಿಕ್ಷಣದ ಪಂಚಾಂಗ ಹಾಕುತ್ತಿದ್ದರು. ಸುಮಾರು 524ರಲ್ಲಿ ಮರಣದಂಡನೆಗೆ ಗುರಿಯಾದ ಬೊಯಿಥಿಯಸ್ ಅಂಕಗಣಿತ, ರೇಖಾಗಣಿತ, ಸಂಗೀತ, ಜ್ಯೋತಿಷ ಎಂಬ ನಾಲ್ಕನ್ನು ‘ನಾಲ್ಕು ದಾರಿ ಕೂಡುವ ಜಾಗ’ವೆಂದು ಕರೆದ. ಕ್ಯಾಸಿಯೊಡೋರಸ್ ಅರಮನೆಯ ಅಧಿಕಾರ ಬಿಟ್ಟು ಮಠ ಕಟ್ಟಿಕೊಂಡು, ಸನ್ಯಾಸಿಗಳಿಗೆ ಗ್ರಂಥಗಳನ್ನು ನಕಲು ಮಾಡುವುದನ್ನು ಕಲಿಸುತ್ತ, ಏಳು ವಿದ್ಯೆಗಳ ಕೈಪಿಡಿ ಬರೆದ. ಆ ಏಳರಲ್ಲಿ ಮೊದಲ ಮೂರು ವ್ಯಾಕರಣ, ತರ್ಕ, ಭಾಷಣಕಲೆ. ಲ್ಯಾಟಿನ್ನಿನಲ್ಲಿ ಇವೆಲ್ಲಕ್ಕೂ ಸೇರಿ ಇದ್ದ ಹೆಸರಿನ ಅರ್ಥ ಸ್ವತಂತ್ರ ಮನುಷ್ಯನಿಗೆ, ಅಂದರೆ ಗುಲಾಮನಲ್ಲದವನಿಗೆ, ತಕ್ಕ ವಿದ್ಯೆಗಳು. ಕೈಕಸುಬು ಆ ಪಟ್ಟಿಯ ಹೊರಗೆ. 12ನೇ ಶತಮಾನದಲ್ಲಿ ಪ್ಯಾರಿಸ್ಸಿನ ಹ್ಯೂ ಎಂಬ ಗುರು ನೇಯ್ಗೆ, ಬೇಸಾಯ, ಬೇಟೆ, ವೈದ್ಯ ಮುಂತಾದವನ್ನು ಏಳು ಕಸುಬುಗಳೆಂದು ಎಣಿಸಿ ಗೌರವ ಕೊಟ್ಟನಾದರೂ, ಅವನ್ನು ಬೇರೆ ಸಾಲಿನಲ್ಲೇ ಕೂರಿಸಿದ.

ವ್ಯಾಕರಣ, ತರ್ಕ, ಅಲಂಕಾರ ಎಂಬ ನಮ್ಮ ಮೂರನ್ನು ಆ ಮೂರರ ಪಕ್ಕದಲ್ಲಿಟ್ಟು ‘ಎರಡೂ ಒಂದೇ’ ಎಂದು ಮುಗಿಸುವುದು ಸುಲಭ. ಬಹಳ ಲೇಖನಗಳು ಅಲ್ಲಿಗೇ ನಿಲ್ಲುತ್ತವೆ. ವಿಷಯಗಳ ಪಟ್ಟಿ ಹೊಂದುವುದು ದೊಡ್ಡ ಸಂಗತಿಯಲ್ಲ. ಗೆರೆ ಎಲ್ಲಿ ಎಳೆದರು ಎಂಬುದನ್ನು ನೋಡಬೇಕು. ಕಬಿನಿ, ಲಕ್ಷ್ಮಣತೀರ್ಥ, ಕಾವೇರಿಗಳ ನಡುವಿನ ಈ ಸೀಮೆ, ಅಂದರೆ ಸರಗೂರು, ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಅದಕ್ಕೆ ಸಾಕಷ್ಟು ಪುರಾವೆ ಒದಗಿಸುತ್ತದೆ.

ಮೊದಲು ಪಾಠದ ಕ್ರಮ. ಗುಮ್ಮರೆಡ್ಡಿಪುರದ ತಾಮ್ರಪಟ ದುರ್ವಿನೀತನ ಹೆಸರಿಗೆ ಮೂರು ಕೃತಿಗಳನ್ನು ಸೇರಿಸುತ್ತದೆ: ‘ಶಬ್ದಾವತಾರ’ವೆಂಬ ವ್ಯಾಕರಣ, ಗುಣಾಢ್ಯನ ಪೈಶಾಚಿ ‘ವಡ್ಡಕಥೆ’ಯ ಸಂಸ್ಕೃತ ರೂಪ, ಭಾರವಿಯ ‘ಕಿರಾತಾರ್ಜುನೀಯ’ದ 15ನೇ ಸರ್ಗಕ್ಕೆ ಟೀಕೆ. ಜೈನ ವಿದ್ವಾಂಸ ಪೂಜ್ಯಪಾದರು ಅವನ ಗುರುಗಳೆಂಬ ಮಾತನ್ನು ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಹೆಚ್ಚು ಕುತೂಹಲ ಹುಟ್ಟಿಸುವುದು ಆ ಮೂರನೆಯದು. ಇಡೀ ಕಾವ್ಯ ಬಿಟ್ಟು ಒಂದೇ ಸರ್ಗಕ್ಕೆ ಯಾಕೆ ಟೀಕೆ?

ಆ ಸರ್ಗವನ್ನು ತೆರೆದವರಿಗೆ ಉತ್ತರ ಹೊಳೆಯುತ್ತದೆ. ಅಲ್ಲಿ ಭಾರವಿ ಶಬ್ದಗಳೊಡನೆ ಗರಡಿ ಆಡುತ್ತಾನೆ. ಒಂದು ಪದ್ಯ ಹೆಚ್ಚುಕಡಿಮೆ ನಕಾರವೊಂದರಿಂದಲೇ ಕಟ್ಟಿದ್ದು. ಇನ್ನೊಂದನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ, ಮೇಲಿನಿಂದ ಓದಿದರೂ ಕೆಳಗಿನಿಂದ ಓದಿದರೂ ಅದೇ ಸಾಲು. ಸಂಧಿ ಬಿಡಿಸದೆ, ಧಾತು ಗುರುತಿಸದೆ, ಅನ್ವಯ ಮಾಡದೆ ಒಂದು ಹೆಜ್ಜೆಯೂ ಇಡಲಾಗದು. ರಸಿಕನಿಗೆ ಇದು ಬೇಸರ ತರಿಸೀತು. ಕಲಿಸುವವನಿಗೆ ಮಾತ್ರ ಹಬ್ಬ. ವ್ಯಾಕರಣ ಮುಗಿಸಿದ ಹುಡುಗನನ್ನು ಪರೀಕ್ಷಿಸಲು ಇದಕ್ಕಿಂತ ಕಠಿಣ ಕಣ ಸಿಗುವುದಿಲ್ಲ. ದುರ್ವಿನೀತನ ಟೀಕೆ ನಮಗೆ ಉಳಿದು ಬಂದಿಲ್ಲ. ಆದರೆ ಆಯ್ಕೆಯೇ ಒಂದು ಪಾಠಕ್ರಮದ ಸಾಕ್ಷಿ: ಪಠ್ಯ ಮುಂದಿಟ್ಟುಕೊಂಡು, ಪದ ಬಿಡಿಸಿ, ಅರ್ಥ ಕೂಡಿಸಿ, ‘ಇದು ಹೀಗೇ ಯಾಕೆ?’ ಎಂದು ಕೇಳುತ್ತ ಸಾಗುವ ಕ್ರಮ. ಏಳು ಶತಮಾನಗಳ ನಂತರ ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು ಸೂತ್ರ, ವೃತ್ತಿ, ಪ್ರಯೋಗ ಎಂದು ಹೊಂದಿಸಿದಾಗಲೂ ನಿಯಮ ಮೊದಲು, ವಿವರಣೆ ನಡುವೆ, ಕವಿಗಳ ಬಳಕೆ ಕೊನೆಗೆ. ಕನ್ನಡ ಎಂ.ಎ. ತರಗತಿಯಲ್ಲಿ ಕೂತವರಿಗೆ ಈ ನಡಿಗೆ ಅಪರಿಚಿತವಲ್ಲ.

‘ಕವಿರಾಜಮಾರ್ಗ’ ಕನ್ನಡ ಗದ್ಯಕಾರರನ್ನು ಎಣಿಸುವಾಗ ದುರ್ವಿನೀತನ ಹೆಸರೆತ್ತುತ್ತದೆ. ಅವನೇ ಇವನೆಂದು ಬಹಳ ವಿದ್ವಾಂಸರ ನಂಬಿಕೆ.

ಈ ಸೀಮೆಯ ಪಾಠ ಅರಮನೆಯಲ್ಲೇ ಉಳಿಯಲಿಲ್ಲ. ಜೈನ ಮುನಿಗಳ ಒಂದು ಪರಂಪರೆಗೆ ‘ಪುನ್ನಾಟ ಸಂಘ’ವೆಂದೇ ಹೆಸರು. ಆ ಸಂಘದ ಜಿನಸೇನ 783ರಲ್ಲಿ ‘ಹರಿವಂಶಪುರಾಣ’ ಮುಗಿಸಿದ್ದು, ಹರಿಷೇಣ 931ರ ಸುಮಾರಿಗೆ 157 ಕಥೆಗಳ ‘ಬೃಹತ್ಕಥಾಕೋಶ’ ಬರೆದದ್ದು ಎರಡೂ ದೂರದ ಪಶ್ಚಿಮ ಭಾರತದ ವರ್ಧಮಾನಪುರದಲ್ಲಿ. ಕಬಿನಿ ದಡದ ನಾಡಿನ ಹೆಸರನ್ನು ಒಂದು ಗುರುಶಿಷ್ಯ ಸಾಲು ಅಷ್ಟು ದೂರ ಹೊತ್ತೊಯ್ದಿತ್ತು. ಇತ್ತ ಕೃಷ್ಣರಾಜನಗರ ಸೀಮೆಯ ಹನಸೋಗೆ, ಶಾಸನಗಳ ಪನಸೋಗೆ, ದೇಸಿಗಣದ ‘ಪುಸ್ತಕ ಗಚ್ಛ’ದ ನೆಲೆಯಾಗಿತ್ತು. 64 ಬಸದಿಗಳಿದ್ದವೆಂದು, ಅವನ್ನು ಶ್ರೀರಾಮನೇ ಕಟ್ಟಿಸಿದನೆಂದು ಅಲ್ಲಿನ ಶಾಸನ ಹೆಮ್ಮೆಪಡುತ್ತದೆ. ಎಣಿಕೆಯನ್ನು ನಂಬಬೇಕಿಲ್ಲ. ಒಂದು ಗುರುಪರಂಪರೆ ತನ್ನನ್ನು ಪುಸ್ತಕದ ಹೆಸರಿನಿಂದ ಕರೆದುಕೊಂಡಿತೆಂಬುದನ್ನು ಮಾತ್ರ ಮರೆಯುವಂತಿಲ್ಲ. ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರವನ್ನೂ ದಾನವೆಂದು ಎಣಿಸಿದವರು ಅವರು.

ಇಂಥ ಪಾಠ ಹಳ್ಳಿಗೆ ಇಳಿಯಿತೆ? ಹಳೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ನಿಂತ ಕಲ್ಲೊಂದು ಇದಕ್ಕೆ ಉತ್ತರ. ಶಕ 979, ಅಂದರೆ 1057ರ ಈ ಶಾಸನ ದೇಕಬ್ಬೆಯ ಕಥೆ ಹೇಳುತ್ತದೆ. ಅವಳು ನುಗುನಾಡಿನ ಒಡೆಯ ರವಿಗನ ಮಗಳು. ನುಗು ಹೊಳೆ ಇಂದಿಗೂ ಸರಗೂರು ಸೀಮೆಯಲ್ಲಿ ಹರಿದು ಕಬಿನಿ ಸೇರುತ್ತದೆ. ಗಂಡ ಏಚ ಕಾಳಗದಲ್ಲಿ ದಾಯಾದಿಯನ್ನು ಕೊಂದ. ಚೋಳ ಅರಸ ಅವನನ್ನು ತಲಕಾಡಿನಲ್ಲಿ ಕೊಲ್ಲಿಸಿದ. ಸುದ್ದಿ ಮುಟ್ಟಿದಾಗ ದೇಕಬ್ಬೆ ಹೆತ್ತವರು, ನೆಂಟರು ತಡೆದರೂ ಬೆಂಕಿ ಹೊಕ್ಕಳು. ಇದನ್ನು ಹೇಳಲು ಮಲ್ಲನೆಂಬ ಕವಿ ಕನ್ನಡ ಪದ್ಯಗಳನ್ನು ಕಟ್ಟಿದ. ಸಾಮಾನ್ಯ ವೀರಗಲ್ಲಿನಲ್ಲಿ ಸಿಗುವ ‘ಇಂಥವನು ಇಂಥಲ್ಲಿ ಸತ್ತ’ ಎಂಬ ಒಣ ವರದಿಯಲ್ಲ ಅದು. ತಂದೆತಾಯಿಯ ಗೋಳು, ಮಗಳ ಮರುಮಾತು, ಚಿತೆಯ ದೃಶ್ಯ ಎಲ್ಲವೂ ನಾಟಕದಂತೆ ಸಾಗುತ್ತವೆ.

ಸಾವನ್ನು ಮೆರೆಸಿದ ಕಾವ್ಯವನ್ನು ಇಂದು ಓದುವಾಗ ಮನಸ್ಸು ಹಿಂಜರಿಯುತ್ತದೆ, ಹಿಂಜರಿಯಲೂಬೇಕು. ಶಿಕ್ಷಣದ ಇತಿಹಾಸಕಾರನಿಗೆ ಅಲ್ಲಿ ಬೇರೊಂದು ಪ್ರಶ್ನೆಯೂ ಇದೆ. ಚಕ್ರವರ್ತಿಯ ಆಸ್ಥಾನದಿಂದ ಬಹು ದೂರ, ಕಾಡಂಚಿನ ನಾಡೊಡೆಯರ ಮನೆಯ ದುಃಖಕ್ಕೆ ಮಾತು ಕೊಡಬಲ್ಲ ಛಂದಸ್ಸು, ಅಲಂಕಾರ ಬಲ್ಲ ಕವಿಯೊಬ್ಬ ಸಿಕ್ಕನಲ್ಲ! ಅವನಿಗೆ ಯಾರೋ ಲಘು ಗುರು ಎಣಿಸುವುದನ್ನು ಕಲಿಸಿದ್ದರು. ಕನ್ನಡಿಗರು ವಿಧಿವತ್ತಾಗಿ ಓದದೆಯೂ ಕಾವ್ಯದಲ್ಲಿ ಪಳಗಿದವರೆಂದು ‘ಕವಿರಾಜಮಾರ್ಗ’ ಹೊಗಳಿದ್ದುಂಟು. ಬೆಳತೂರಿನ ಮಲ್ಲ ಮಾತ್ರ ಓದಿ ಪಳಗಿದವನೇ.

ಈ ಕಲ್ಲನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 4ನೇ ಸಂಪುಟದಲ್ಲಿ (1898) ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. ಹೋಬಳಿಗೊಂದು ಶಾಲೆ ಬೇಕೆಂದು 1868ರಲ್ಲಿ ಮೈಸೂರು ಸರ್ಕಾರದ ಯೋಜನೆ ರೂಪಿಸಿದವರೂ ಅವರೇ. ಶಾಲೆ ನೋಡಲು ಊರೂರು ಅಲೆಯುತ್ತಿದ್ದಾಗಲೇ ಅವರಿಗೆ ಕಲ್ಲುಗಳ ಗೀಳು ಹತ್ತಿದ್ದು.

ಇನ್ನು ಗೆರೆಯ ಮಾತು. ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭು, ಚೆಂಗಾಳ್ವರ ಅಧೀನನಾಗಿದ್ದ ಮೂರನೇ ಮಂಗರಸ, ಜೈನ ಕಾವ್ಯಗಳ ಜೊತೆಗೆ 16ನೇ ಶತಮಾನದ ಮೊದಲ ವರ್ಷಗಳಲ್ಲಿ ‘ಸೂಪಶಾಸ್ತ್ರ’ ಬರೆದ. ಅದು ಅಡುಗೆಯ ಪುಸ್ತಕ, ವಾರ್ಧಕ ಷಟ್ಪದಿಯಲ್ಲಿ! ಹಿಟ್ಟು ನಾದುವುದು, ಬದನೆಕಾಯಿ ಬಾಡಿಸುವುದು ಆದಿಪ್ರಾಸ, ಮಾತ್ರಾಗಣಗಳ ಲೆಕ್ಕದಲ್ಲಿ ಬರುತ್ತವೆ. ಯುರೋಪಿನ ಆ ಏಳು ವಿದ್ಯೆಗಳ ಪಟ್ಟಿಯಲ್ಲಿ ಒಲೆಗೆ ಜಾಗವಿರಲಿಲ್ಲ. ಇಲ್ಲಿ ಒಲೆಯೂ ಶಾಸ್ತ್ರವಾಯಿತು. ಮಂಗರಸ ಒಂಟಿಯಲ್ಲ: 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಮರಗಿಡಗಳ ಆರೈಕೆ, ಬಾವಿ ತೋಡುವ ಜಾಗ, ಅಡುಗೆ ಎಲ್ಲವೂ ಇವೆ, ರಾಜಾದಿತ್ಯ 12ನೇ ಶತಮಾನದಲ್ಲಿ ಲೆಕ್ಕವನ್ನು ಪದ್ಯ ಮಾಡಿದ, ಮೊದಲನೇ ಮಂಗರಾಜ ವಿಷವೈದ್ಯವನ್ನು ಕಾವ್ಯ ಮಾಡಿದ. ಛಂದಸ್ಸು ಇವರಿಗೆ ಬುತ್ತಿಯ ಬಟ್ಟೆಯಿದ್ದಂತೆ, ಏನನ್ನು ಬೇಕಾದರೂ ಕಟ್ಟಿಕೊಂಡು ಹೋಗಬಹುದು, ದಾರಿಯಲ್ಲಿ ಚೆಲ್ಲುವುದಿಲ್ಲ. ಬಾಯಿಪಾಠವೇ ಗ್ರಂಥಾಲಯವಾಗಿದ್ದ ಕಾಲದಲ್ಲಿ ಇದು ಅಲಂಕಾರವಲ್ಲ, ಬೋಧನೆಯ ಸಾಧನ.

ಹಾಗಾಗಿ ಯುರೋಪಿನಲ್ಲಿ ವಿಷಯಗಳ ನಡುವೆ ಎಳೆದ ಗೆರೆ ಇಲ್ಲಿ ತೆಳುವಾಗಿತ್ತು. ಗಟ್ಟಿಯಾದ ಗೆರೆಯಿದ್ದದ್ದು ಪಾಠಕ್ಕೆ ಕೂರುವವರ ನಡುವೆ. ಅಡುಗೆ ಶಾಸ್ತ್ರವಾಯಿತು, ಅಡುಗೆಯವಳು ಶಾಸ್ತ್ರಿಯಾಗಲಿಲ್ಲ. 17ನೇ ಶತಮಾನದ ಕೊನೆಯ ಸಂಚಿಯ ಹೊನ್ನಮ್ಮನ ಹೆಸರು ಇಷ್ಟು ಗಟ್ಟಿಯಾಗಿ ಉಳಿದಿರುವುದು ಅದಕ್ಕೇ. ಯಳಂದೂರಿನ ಈ ಹೆಂಗಸು ಚಿಕ್ಕದೇವರಾಜರ ಅರಮನೆಯಲ್ಲಿ ರಾಣಿಯ ಎಲೆಯಡಿಕೆ ಸಂಚಿ ಹೊರುತ್ತಿದ್ದಳು. ಆಸ್ಥಾನ ಪಂಡಿತ ಅಳಸಿಂಗರಾರ್ಯರು ಪಾಠ ಹೇಳಿದರು, ಅವಳು ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಗುರುವೊಬ್ಬ ಬಾಗಿಲು ತೆರೆದರೆ ಏನಾಗುತ್ತಿತ್ತೆಂದು ತಿಳಿಯಲು ಈ ಒಂದು ಉದಾಹರಣೆ ಸಾಕು. ಎಷ್ಟು ಬಾಗಿಲು ಮುಚ್ಚಿದ್ದವೆಂದೂ ಇದೇ ಹೇಳುತ್ತದೆ. ಊರಿನ ಕೂಲಿಮಠಗಳಲ್ಲಿ ಐಗಳು ಮರಳ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ, ಅಮರಕೋಶ, ಜೈಮಿನಿ ಭಾರತ ಬಾಯಿಗೆ ಬರಿಸುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಅಲ್ಲಿ ಕೂತವರೂ ಊರಿನ ಕೆಲವು ಮನೆಗಳವರೇ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲಿನ ಕಥೆ ಎಲ್ಲರಿಗೂ ಗೊತ್ತು. ಮಹಾರಾಜಾ ಕಾಲೇಜಿನಲ್ಲಿ ಹಿರಿಯಣ್ಣನವರು ಸಂಸ್ಕೃತ ಹೇಳುತ್ತಿದ್ದರು, ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಹೇಳುತ್ತಿದ್ದರು. ಸಾಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ಬಿ.ಎಂ.ಶ್ರೀ ‘ಅಶ್ವತ್ಥಾಮನ್’ ಮಾಡಿದಾಗ ಗ್ರೀಕರ ಪಾಠವೂ ಪಂಪ, ರನ್ನರ ಪಾಠವೂ ಒಂದೇ ಮೇಜಿಗೆ ಬಂದವು. ಕುವೆಂಪು ಕುಲಪತಿಯಾಗಿದ್ದಾಗ, 1957ರಲ್ಲಿ, ಪ್ರಸಾರಾಂಗ ನೆಲೆಗೊಂಡು ಉಪನ್ಯಾಸವೂ ಅಗ್ಗದ ಪುಸ್ತಕವೂ ಹಳ್ಳಿಯ ಕಡೆ ಹೊರಟವು.

ಗೆರೆಯ ಆಚೆ ಉಳಿದದ್ದು ಏನೆಂದು ತಿಳಿಯಬೇಕಾದರೆ ಆನೆಯ ಬಳಿಗೆ ಹೋಗಬೇಕು. ಗಂಗರಿಗೆ ಆನೆ ಲಾಂಛನವೂ ಹೌದು, ಪಠ್ಯವೂ ಹೌದು. 8ನೇ ಶತಮಾನದ ಶ್ರೀಪುರುಷ ‘ಗಜಶಾಸ್ತ್ರ’ ಬರೆದ. ಅವನ ಮಗ ಶಿವಮಾರ ಕನ್ನಡದಲ್ಲಿ ‘ಗಜಾಷ್ಟಕ’ ರಚಿಸಿದ. ಅದು ಓವನಿಗೆಯೂ ಒನಕೆವಾಡೂ ಆಯಿತೆಂದು ನಂತರದ ಶಾಸನವೊಂದು ಹೊಗಳುತ್ತದೆ. ದೊರೆಯ ಶಾಸ್ತ್ರ ಭತ್ತ ಕುಟ್ಟುವ ಹೆಂಗಸರ ಬಾಯಿಗೆ ಬಂದಿತೆಂದರೆ ಗೆರೆ ಒಂದು ಕಡೆಯಿಂದಲಾದರೂ ಅಳಿಸಿತ್ತು. ಎದುರು ದಿಕ್ಕಿನ ಸಂಚಾರ, ಆನೆ ಬಲ್ಲವನ ಮಾತು ಪುಸ್ತಕಕ್ಕೆ ಏರುವುದು, ಹಾಗೆ ನಡೆಯಲಿಲ್ಲ.

ಆನೆ ಬಲ್ಲವರು ಇದೇ ಸೀಮೆಯಲ್ಲಿದ್ದರು. 19ನೇ ಶತಮಾನದ ಕೊನೆಯಿಂದ 1971ರ ವರೆಗೆ ಕಾಕನಕೋಟೆಯ ಖೆಡ್ಡಾಗಳಲ್ಲಿ ಕಾಡಾನೆಯ ಹಿಂಡುಗಳನ್ನು ಕಬಿನಿಗೆ ಇಳಿಸಿ ಹಿಡಿಯುವಾಗ, ಜಾಡು ಹಿಡಿದವರೂ ಪಳಗಿಸಿದವರೂ ಹೆಚ್ಚಾಗಿ ಜೇನುಕುರುಬರು. ವೈಸ್‌ರಾಯರ ಫೋಟೊಗಳು ಉಳಿದವು. ಲದ್ದಿ ನೋಡಿ ಹಿಂಡಿನ ದಾರಿ ಹೇಳುವ, ಕಿವಿಯ ಚಲನೆ ನೋಡಿ ಕೋಪ ಅಳೆಯುವ ಓದು ಯಾವ ಪಠ್ಯಕ್ಕೂ ಸೇರಲಿಲ್ಲ. ಖೆಡ್ಡಾ ನಡೆದ ಜಾಗವೂ ಕಿತ್ತೂರಿನಂತೆಯೇ ನೀರಿನಡಿ ಹೋಯಿತು. ಈಚೆಗೆ ಹೊಸಹಳ್ಳಿಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಶಾಲೆ ಕಾಡಿನ ಮಕ್ಕಳನ್ನು ತರಗತಿಗೆ ಕರೆತಂದಿದೆ. 1980ರ ದಶಕದಲ್ಲಿ ಬ್ರಹ್ಮಗಿರಿಯ ದನದ ಕೊಟ್ಟಿಗೆಯೊಂದರಲ್ಲಿ ಶುರುವಾದದ್ದು ಅದು.

ಕಲಿಸುವ ಕ್ರಮದಲ್ಲಿ ಮಾವುತನೂ ಪಂಡಿತನೂ ದೂರದವರಲ್ಲ. ಆನೆಗೊಬ್ಬ ಮಾವುತ, ಅವನ ಕೈಕೆಳಗೊಬ್ಬ ಕಾವಾಡಿ. ಕಾವಾಡಿ ವರ್ಷಗಟ್ಟಲೆ ಸೊಪ್ಪು ತಂದು, ಮೈ ತೊಳೆದು, ನೋಡುತ್ತ ನೋಡುತ್ತ ಕಲಿಯುತ್ತಾನೆ. ಟೀಕೆ ಬರೆದಿಡುವ ಅಭ್ಯಾಸವೊಂದು ಇಲ್ಲ. ಪ್ರತಿ ವರ್ಷ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ದಸರೆಗೆ ಮೈಸೂರು ಸೇರಿದಾಗ, ಈ ಕುಟುಂಬಗಳು ಅರಮನೆಯ ಆವರಣದಲ್ಲೇ ಗುಡಾರ ಹಾಕಿಕೊಳ್ಳುತ್ತವೆ. ಮಕ್ಕಳ ಓದು ಕೆಡಬಾರದೆಂದು ಅಲ್ಲೇ ಒಂದು ಟೆಂಟ್ ಶಾಲೆ ನಡೆಯುತ್ತದೆ. ಬೆಳಿಗ್ಗೆ ಅಪ್ಪಂದಿರು ಆನೆಗಳನ್ನು ಬನ್ನಿಮಂಟಪದ ಕಡೆ ತಾಲೀಮಿಗೆ ನಡೆಸಿಕೊಂಡು ಹೋಗುತ್ತಾರೆ. ಅರಮನೆಯ ಗೋಡೆಯೊಳಗೆ ಮಕ್ಕಳು ಚಾಪೆಯ ಮೇಲೆ ಕೂತು ಮಗ್ಗಿ ಹೇಳುತ್ತಾರೆ.