ಥಾಲ್ವೆಗ್

ಎರಡು ದೇಶಗಳ ನಡುವೆ ಹರಿಯುವ ನದಿಯೇ ಗಡಿ ಎಂದು ಒಪ್ಪಂದ ಹೇಳಿದರೆ, ಆ ಗೆರೆ ನೀರಿನಲ್ಲಿ ಎಲ್ಲಿದೆ? ಅಂತರರಾಷ್ಟ್ರೀಯ ಕಾನೂನು ಇದಕ್ಕೆ ಕೊಡುವ ಉತ್ತರಗಳಲ್ಲಿ ಮುಖ್ಯವಾದದ್ದು ಈ ಜರ್ಮನ್ ಪದ.

‘ಟಾಲ್’ ಎಂದರೆ ಕಣಿವೆ, ‘ವೇಗ್’ ಎಂದರೆ ದಾರಿ. ಜರ್ಮನ್ನರು 1901ರ ಕಾಗುಣಿತ ಸುಧಾರಣೆಯಲ್ಲಿ ಈ ಪದದ ‘ಎಚ್’ ಅಕ್ಷರವನ್ನು ಕೈಬಿಟ್ಟರು. ಕಾನೂನಿನ ಇಂಗ್ಲಿಷ್ ಮತ್ತು ಫ್ರೆಂಚ್ ಅದನ್ನು ಉಳಿಸಿಕೊಂಡವು. ನದಿಪಾತ್ರದ ಅತಿ ಆಳದ ಬಿಂದುಗಳನ್ನು ಜೋಡಿಸುವ ರೇಖೆ, ಅಥವಾ ದೋಣಿಗಳು ಸಾಗುವ ಮುಖ್ಯ ಜಲಮಾರ್ಗದ ನಡುಗೆರೆ, ಎರಡಕ್ಕೂ ಈ ಹೆಸರಿದೆ. 1801ರ ಲೂನೆವಿಲ್ ಒಪ್ಪಂದ ರೈನ್ ನದಿಯ ಥಾಲ್ವೆಗನ್ನೇ ಫ್ರಾನ್ಸಿನ ಗಡಿಯಾಗಿಸಿತು. ಎರಡೂ ದಡದವರಿಗೆ ಹಡಗು ನಡೆಸುವ ಹಕ್ಕು ಉಳಿಯಬೇಕೆಂಬುದೇ ಈ ಪದ್ಧತಿಯ ಬಲ.

ಪದದ ನಿಜವಾದ ಪರೀಕ್ಷೆ ನಡೆದದ್ದು ಆಫ್ರಿಕದ ಚೋಬೆ ನದಿಯಲ್ಲಿ. ಇಂದಿನ ಬೋಟ್ಸ್ವಾನ ಮತ್ತು ನಮೀಬಿಯದ ಗಡಿಯನ್ನು ಗುರುತಿಸಿದ, ಬ್ರಿಟನ್ ಮತ್ತು ಜರ್ಮನಿಯ 1890ರ ಒಪ್ಪಂದದ ಇಂಗ್ಲಿಷ್ ಪಠ್ಯದಲ್ಲಿ ‘ಮುಖ್ಯ ಜಲಮಾರ್ಗದ ಮಧ್ಯ’ ಎಂದಿತ್ತು, ಜರ್ಮನ್ ಪಠ್ಯದಲ್ಲಿ ‘ಥಾಲ್ವೆಗ್’. ಕಸಿಕಿಲಿ ಅಥವಾ ಸೆದುದು ಎಂಬ ದ್ವೀಪವನ್ನು ನದಿ ಎರಡು ಕವಲಾಗಿ ಬಳಸುತ್ತದೆ. ಉತ್ತರದ ಕವಲು ಮುಖ್ಯವೆಂದರೆ ದ್ವೀಪ ಬೋಟ್ಸ್ವಾನದ್ದು. ದಕ್ಷಿಣದ್ದು ಎಂದರೆ ನಮೀಬಿಯದ್ದು.

ಎರಡೂ ದೇಶಗಳು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. ಇವೆರಡೂ ಒಪ್ಪಂದಗಳ ಕಾನೂನನ್ನು ಕುರಿತ 1969ರ ವಿಯೆನ್ನಾ ಒಡಂಬಡಿಕೆಗೆ ಸೇರಿರಲಿಲ್ಲ. ಆದರೂ ಅದರ 31ನೇ ವಿಧಿ ರೂಢಿಗತ ಕಾನೂನೇ ಆಗಿದೆ ಎಂದು ನ್ಯಾಯಾಲಯ ಒಪ್ಪಿತು: ಪದಗಳಿಗೆ ಸಹಜ ಅರ್ಥ, ಜೊತೆಗೆ ಸಂದರ್ಭ ಮತ್ತು ಉದ್ದೇಶ. ಎರಡು ಪಠ್ಯಗಳ ಅರ್ಥ ಒಂದೇ ಎಂದು ಪರಿಗಣಿಸಿ, ಆಳ, ಅಗಲ, ಹರಿವು, ಸಂಚಾರಯೋಗ್ಯತೆಗಳನ್ನು ಅಳೆದು, ಉತ್ತರದ ಕವಲೇ ಮುಖ್ಯವೆಂದಿತು. 1999ರ ಡಿಸೆಂಬರ್ 13ರಂದು 11–4 ಮತಗಳಿಂದ ದ್ವೀಪ ಬೋಟ್ಸ್ವಾನಕ್ಕೆ ಸಂದಿತು. ಎರಡೂ ಕವಲುಗಳಲ್ಲಿ ಉಭಯ ದೇಶಗಳ ಜನರಿಗೂ ದೋಣಿಗಳಿಗೂ ಸಮಾನ ಹಕ್ಕು ಉಳಿಯಿತು.